ತೂಕದಮ್ಮ

“ಮೇಲೆ ಹತ್ತೇ, ತೂಕದಮ್ಮ, ತಿಂದಿದ್ದು ಇವತ್ತಾದ್ರೂ ಕೆಲಸಕ್ಕೆ ಬರ್ಲಿ!”

ಶೇಷಾದ್ರಿಯ ಮಾತಿಗೆ ಗೋದಾಮಿನಲ್ಲಿದ್ದವರೆಲ್ಲ ನಕ್ಕರು. ನಗದವರನ್ನು ಆತ ಗುರುತಿಟ್ಟುಕೊಳ್ಳುತ್ತಾನೆ. ಚನ್ನಮ್ಮನೂ ನಕ್ಕಳು. ಕೈಲಿದ್ದ ಅಕ್ಕಿ ಚೀಲ ಇಳಿಸಿ ಹೊರೆ ಎತ್ತುವ ಫೋರ್ಕ್‌ಲಿಫ್ಟಿನ ಹಿಂಬದಿಗೆ ನಡೆದಳು. ಮುಂಬದಿಯ ಹೊರೆ ಯಂತ್ರದ ತಾಕತ್ತು ಮೀರಿದಾಗಲೆಲ್ಲ ಹಿಂಬದಿ ಮೇಲೇಳದ ಹಾಗೆ ಅವಳನ್ನು ಅಲ್ಲಿನ ಕಬ್ಬಿಣದ ದಿಮ್ಮಿಯ ಮೇಲೆ ಕೂರಿಸುವುದು ಇಲ್ಲಿನ ರೂಢಿ.

ಪರದೇಶದ ಈ ಕಮ್ಮಿಂಗ್ ಊರಿನ ಕನ್ನಡದವರಿಗೆಲ್ಲ ಆತ ಶೇಷಾದ್ರಿ ಅಂಕಲ್. ದಿನಸಿಯ ಸಗಟು ವ್ಯಾಪಾರಿ, ದೇವಸ್ಥಾನ ಕಮಿಟಿಯ ಅಧ್ಯಕ್ಷ. ಚನ್ನಮ್ಮನೊಬ್ಬಳಿಗೆ ‘ಬುದ್ದಿ’. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಅವಳನ್ನು ಕೊಳ್ಳೇಗಾಲದ ಕಡೆಯಿಂದ ಕರೆತಂದಿದ್ದ. ಮುದುಕಿ ತೀರಿಕೊಂಡಳು, ವೀಸಾ ತೀರಿತು, ಪಾಸ್‌ಪೋರ್ಟ್ ಅವನ ಬೀರುವಿನಲ್ಲೇ ಉಳಿಯಿತು. ಅವಳು ಅವನ ಮನೆಯ ಬೇಸ್‌ಮೆಂಟಿನಲ್ಲಿ.

ಇವತ್ತಿನ ಹೊರೆ ಊರಿನಿಂದ ಹಡಗಿನಲ್ಲಿ ಬಂದ ಕಲ್ಲಿನ ವಿಗ್ರಹ. ಮರದ ಪೆಟ್ಟಿಗೆಯ ಪಟ್ಟಿಯೊಂದು ಸಡಿಲಾಗಿತ್ತು. ಹೋಗುತ್ತ ಚನ್ನಮ್ಮ ಬಿಗಿಯಲು ಕೈ ಚಾಚಿದಳು.

“ಏಯ್ ಮುಂಡೇದೇ, ಮುಟ್ಬೇಡ! ಪೂಜೆ ಆಗಿ ಬಂದಿರೋ ದೇವ್ರು ಅದು. ನಿನ್ ಜಾಗ ಹಿಂದೆ!”

ಹಿಂದೆ ಹತ್ತಿ ಕುಳಿತಳು.

“ಸರ್, ಲೋಡ್ ತುಂಬಾ ಜಾಸ್ತಿ,” ಎಂದ ಯಂತ್ರ ಓಡಿಸುವ ರವಿಕಿರಣ್. “ಹಿಂದೆ ಜನ ಕೂರಿಸ್ಲೇಬಾರ್ದು ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ಟಿದಾರೆ. ದೊಡ್ಡ ಮಷೀನ್ ರೆಂಟ್ ಮಾಡೋಣ ಸರ್.”

“ನಾಳೆ ಪ್ರತಿಷ್ಠಾಪನೆ. ದೇವ್ರಿಗೇ ವೆಯ್ಟ್ ಮಾಡು ಅಂತೀಯಾ? ಕೆಲಸ ಬೇಕೋ ಬೇಡ್ವೋ? ಎತ್ತಯ್ಯ!” ಶೇಷಾದ್ರಿ ಫೋನ್ ಎತ್ತಿ ಹಿಡಿದ. “ಚನ್ನಮ್ಮ, ತಲೆ ತಗ್ಗಿಸ್ಕೋ. ಈ ವಿಡಿಯೋ ದೇವಸ್ಥಾನದ ಗ್ರೂಪಿಗೆ ಹೋಗತ್ತೆ. ನೀನು ಕಾಣಿಸ್ಬಾರ್ದು.”

ತಗ್ಗಿಸಿದಳು.

ಪೆಟ್ಟಿಗೆ ಮೇಲೆದ್ದಿತು. ಜೊತೆಗೇ ಚನ್ನಮ್ಮನೂ ಎದ್ದಳು. ರವಿಕಿರಣ್ ಸ್ಟಿಯರಿಂಗ್ ತಿರುಗಿಸಿದ. ತಿರುಗಬೇಕಾದ ಹಿಂದಿನ ಚಕ್ರಗಳು ಗಾಳಿಯಲ್ಲಿದ್ದವು. ಗಾಬರಿಯಲ್ಲಿ ಸನ್ನೆಕೋಲು ಒತ್ತಿ ಪೆಟ್ಟಿಗೆ ಇಳಿಸಿದ. ಯಂತ್ರ ದಡ್ಡೆಂದು ನೆಲಕ್ಕೆ ಬಿತ್ತು. ಚನ್ನಮ್ಮನ ಹಲ್ಲಿಗೆ ನಾಲಗೆ ಸಿಕ್ಕಿ ಬಾಯೆಲ್ಲ ರಕ್ತ.

“ಇನ್ನೊಬ್ರು ಬೇಕು ಅಷ್ಟೇ,” ಎಂದ ಶೇಷಾದ್ರಿ. “ಇಂದು! ನೀನೂ ಹತ್ತಮ್ಮ.”

ಇಂದು ಎಂಬವಳು ಓದುವ ವೀಸಾದಲ್ಲಿ ಬಂದು, ಕಾಲೇಜು ಮುಗಿಸಿಕೊಂಡು ಕದ್ದು ಕೆಲಸಕ್ಕೆ ಬರುವ ಹುಡುಗಿ, ಕಡ್ಡಿಯಂಥವಳು. ಮೆಣಸಿನಪುಡಿಯ ಕೈ ಒರೆಸಿಕೊಳ್ಳುತ್ತ ಬಂದಳು.

ಚನ್ನಮ್ಮ ಜಾರಿ ಇಳಿದಳು. “ಬ್ಯಾಡ ಕಣವ್ವ, ಹತ್ಬ್ಯಾಡ.”

“ಯಾರೇ ನಿನ್ನ ಇಳಿ ಅಂದಿದ್ದು?”

“ನೀನು ಹತ್ತು, ಶೇಷಾದ್ರಿ.”

ಅವಳ ಬಾಯಿಂದ ಅವನಿಗೆ ‘ನೀನು’ ಬಂದದ್ದು ಅದೇ ಮೊದಲು. ಈ ಸಲ ಯಾರೂ ನಗಲಿಲ್ಲ.

“ನಾ ಮುಟ್ಟುದ್ರೆ ನಿನ್ ದೇವ್ರಿಗೆ ಮೈಲ್ಗೆ, ಅದೇ ದೇವ್ರ ತೂಕುಕ್ಕೆ ಕುಂತ್ರೆ ಆಯ್ತದಾ? ಥೂ ನನ್ಮಗ್ನೆ! ಅಷ್ಟಗಲ ಹೊಟ್ಟೆ ಮಡಿಕಂಡಿದೀಯಲ್ಲ, ನೀನೇ ಹತ್ತಿ ಕುಂತ್ಕ!”

ಶೇಷಾದ್ರಿ ಕೂಗಾಡಲಿಲ್ಲ. ವಿಡಿಯೋ ಅಳಿಸಿದ, ನಿಧಾನವಾಗಿ. “ಹೋಗು. ಪಾಸ್‌ಪೋರ್ಟ್ ಇಲ್ದೋಳು ರಾತ್ರಿ ಎಲ್ಲಿ ಮಲಗ್ತೀಯ ನೋಡ್ತೀನಿ.”

“ರೋಡಲ್ ಮನಿಕ್ಕತೀನಿ, ಬುಡು.”

ಹೊರಗೆ ಬಂದಳು. ರಸ್ತೆಯ ಬದಿಯಲ್ಲಿ ನಡೆಯಲು ಜಾಗವೇ ಇರಲಿಲ್ಲ. ಕಾರುಗಳು ಬುರ್ರೆಂದು ಹೋಗುತ್ತಿದ್ದವು. ಎತ್ತ ಕಡೆ ಏನಿದೆಯೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಗೋದಾಮಿನ ಬಾಗಿಲ ಪಕ್ಕದ ಕಾಂಕ್ರೀಟ್ ಅಂಚಿನ ಮೇಲೆ ಕುಳಿತು ರಕ್ತ ಉಗಿದಳು.

ಒಳಗೆ ಯಂತ್ರ ಮತ್ತೆ ಗುರುಗುಟ್ಟಿತು. ತಿರುಗಿ ನೋಡಿದಳು. ಕಬ್ಬಿಣದ ದಿಮ್ಮಿಯ ಮೇಲೆ ಕಡ್ಡಿಯಂಥ ಇಂದು ಕುಳಿತಿದ್ದಳು. ಯಾರೂ ಹೇಳುವ ಮೊದಲೇ ತಲೆ ತಗ್ಗಿಸಿದ್ದಳು. ಶೇಷಾದ್ರಿಯ ಫೋನ್ ಮೇಲೆದ್ದಿತು, ಪೆಟ್ಟಿಗೆ ಮೇಲೆದ್ದಿತು, ಹಿಂದಿನ ಚಕ್ರಗಳು ನೆಲ ಬಿಟ್ಟವು.