ಮುಟ್ಟದ ತಳ

ಸಮೇತನಹಳ್ಳಿ ಸುತ್ತಮುತ್ತ ಬಾವಿಗೆ ಬಿದ್ದದ್ದನ್ನು ಮುಳುಗಿ ತೆಗೆಯಬೇಕೆಂದರೆ ಜನ ಚಿಕ್ಕಬೀರಪ್ಪನನ್ನೇ ಕರೆಯುತ್ತಿದ್ದರು. ಕೊಡ, ಕಾಲ್ಗೆಜ್ಜೆ, ಒಮ್ಮೆ ಯಾರದೋ ಹಲ್ಲುಸೆಟ್ಟು, ಹೀಗೆ ಎಷ್ಟನ್ನೋ ಮೇಲೆ ತಂದಿದ್ದ; ಅವನು ಇಲ್ಲ ಅಂದರೆ ಅದು ಅಲ್ಲಿಲ್ಲವೆಂದೇ ಲೆಕ್ಕ. ವಯಸ್ಸು ಐವತ್ತೆಂಟು ದಾಟಿದರೂ ಆ ಹೆಸರು ಹಾಗೇ ಉಳಿದಿತ್ತು.

ಕಾರ್ತಿಕದಲ್ಲಿ ಮುನಿಲಕ್ಷ್ಮಮ್ಮನ ತೋಟದಿಂದ ಕರೆ ಬಂತು. ಮನೆಗೆಲಸದ ಅಕ್ಕಯ್ಯಮ್ಮ ಬಾವಿ ಮೆಟ್ಟಿಲ ಮೇಲೆ ಕೂತು ಪೂಜೆಯ ಬೆಳ್ಳಿ ಚೊಂಬನ್ನು ಹುಣಸೆಹಣ್ಣು ಹಚ್ಚಿ ಉಜ್ಜುವಾಗ ಅದು ಕೈಜಾರಿ ನೀರಿಗೆ ಬಿದ್ದಿತ್ತಂತೆ. ಕೆರೆ ತುಂಬಿದ ಮೇಲೆ ಬಾವಿಯಲ್ಲೂ ನಾಲ್ಕಾಳು ನೀರು ನಿಂತಿತ್ತು.

ಚಿಕ್ಕಬೀರಪ್ಪ ಮುಳುಗಿದ. ಎರಡಾಳು ಇಳಿಯುವಷ್ಟರಲ್ಲಿ ಎದೆ ಬಿಗಿಯಿತು, ಕಿವಿ ಗುಂಯ್ ಎಂದಿತು. ಹೆದರಿ ಮೇಲೆ ಬಂದ. ಮತ್ತೆ ಹೋದ, ಮತ್ತೆ ಅದೇ. ಮೂರನೆಯ ಸಲ ನೀರೊಳಗಿನ ಮೆಟ್ಟಿಲ ಕಲ್ಲು ಹಿಡಿದು ಸುಮ್ಮನೆ ಹೊತ್ತು ಕಳೆದು, ಗೋಡೆಯ ಪಾಚಿಯನ್ನು ಕೈಗೆ ಬಳಿದುಕೊಂಡು ಎದ್ದ. ಮೇಲೆ ಹತ್ತು ಜನ ಬಗ್ಗಿ ನೋಡುತ್ತಿದ್ದರು.

"ತಳವೆಲ್ಲಾ ತಡಕ್ದೆ ಕಣಕ್ಕಾ. ಚೊಂಬು ಇಲ್ಲ" ಎಂದು ಮುನಿಲಕ್ಷ್ಮಮ್ಮನಿಗೆ ಹೇಳಿಬಿಟ್ಟ.

ಎಲ್ಲರ ಕಣ್ಣೂ ಅಕ್ಕಯ್ಯಮ್ಮನ ಕಡೆ ಹೊರಳಿದವು. "ದೇವ್ರಾಣೆಗೂ ಇಲ್ಲೇ ಬಿದ್ದಿದ್ದು" ಎಂದು ಆಕೆ ಅಳತೊಡಗಿದಳು. ಚಿಕ್ಕಬೀರಪ್ಪ ತಲೆ ಒರೆಸಿಕೊಳ್ಳುವ ನೆಪದಲ್ಲಿ ಟವೆಲಿನೊಳಗೆ ಮುಖ ಮುಚ್ಚಿಕೊಂಡ.

ಮಾರನೆಯ ದಿನವೇ ಆಕೆಯನ್ನು ಕೆಲಸದಿಂದ ಬಿಡಿಸಿದರು. ಊರಲ್ಲಿ ಬೇರೆ ಯಾರೂ ಸೇರಿಸಲಿಲ್ಲ. ಹೊಸಕೋಟೆಯ ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು. ಬಸ್ಸಿಗೆ ನಿಂತವಳನ್ನು ಕಂಡಾಗಲೆಲ್ಲ ಚಿಕ್ಕಬೀರಪ್ಪ ದಾರಿ ಬದಲಿಸುತ್ತಿದ್ದ.

ಬೇಸಿಗೆಯಲ್ಲಿ ಬಾವಿ ಖಾಲಿ ಮಾಡಿ ಹೂಳು ತೆಗೆಸಿದಾಗ ಚೊಂಬು ಸಿಕ್ಕಿತು. ಸುದ್ದಿ ಕೇಳಿ ಅವನು ತೋಟಕ್ಕೆ ಹೋದ.

"ಕೆಸರಲ್ಲಿ ಹೂತೋಗಿತ್ತು ಬೀರಪ್ಪ. ನಿನ್ ಕೈಗೆ ಹೆಂಗ್ ಸಿಕ್ಕಾತು, ಬಿಡು" ಎಂದು ಮುನಿಲಕ್ಷ್ಮಮ್ಮ ತಾನೇ ಸಮಾಧಾನ ಹೇಳಿದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆ ಸಮಾಧಾನವೇ ಅವನನ್ನು ಚುಚ್ಚಿತು.

"ನಾನು ತಳಾನೇ ಮುಟ್ಟಿರ್ಲಿಲ್ಲ ಕಣಕ್ಕಾ. ಉಸಿರು ಸಾಲ್ಲಿಲ್ಲ. ಸುಳ್ಳು ಹೇಳ್ಬಿಟ್ಟೆ."

"ನಿನ್ ಮಾತು ಕೇಳಿ ಅವಳ ಟ್ರಂಕು ಜಾಲಾಡಿಸ್ದೆನಲ್ಲೋ" ಎಂದು ಮುನಿಲಕ್ಷ್ಮಮ್ಮ ಎದ್ದು ಒಳಗೆ ಹೋದಳು.

ಸಂಜೆ ಅಕ್ಕಯ್ಯಮ್ಮನ ಮನೆ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಆಕೆ ಕೂರು ಎನ್ನಲಿಲ್ಲ.

"ಆಯಮ್ಮ ಆಗ್ಲೇ ಬಂದೋದ್ರು. ಕೆಲ್ಸಕ್ಕೆ ಬಾ ಅಂದ್ರು, ಬರಲ್ಲ ಅಂದೆ. ಉಸಿರು ಸಾಲ್ಲಿಲ್ಲ ಅಂತ ಅವತ್ತೇ ಅಂದಿದ್ರೆ ನಿನ್ನ ಯಾರು ಬೈತಿದ್ರಣ್ಣಾ?"

ತಪ್ಪಾಯ್ತೆಂದು ಅವನು ಕೈಮುಗಿದ.

"ನನ್ ಬಾಗ್ಲಲ್ಲಿ ಹೇಳಿದ್ರೆ ಏನ್ ಬಂತು? ಕಳ್ಳಿ ಅಂದೋರ ಮುಂದೆ ಹೇಳು, ಹೋಗು."

ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಅರ್ಧ ಊರೇ ಕ್ಯಾನು ಹಿಡಿದು ನಿಂತಿತ್ತು. ಚಿಕ್ಕಬೀರಪ್ಪ ಜಗಲಿ ಹತ್ತಿದ. ಎಲ್ಲರಿಗೂ ಕೇಳುವಂತೆ ಹೇಳಿದ: ಅಕ್ಕಯ್ಯಮ್ಮ ಕದ್ದಿರಲಿಲ್ಲ, ತಾನು ತಳಕ್ಕೆ ಹೋಗಿರಲಿಲ್ಲ, ಹೋಗಿದ್ದೆನೆಂದು ಸುಳ್ಳಾಡಿದ್ದ. ಯಾರೋ ಕಿಸಕ್ಕನೆ ನಕ್ಕರು. "ಹಿಂದೆ ಸಿಗಲಿಲ್ಲ ಅಂದಿದ್ದೆಲ್ಲಾ ಹಿಂಗೇನಾ ಗುರು?" ಎಂದು ಒಬ್ಬ ಕೇಳಿದ. ಹಾಲು ಅಳೆಯುವವನು ಮುಂದಿನ ಕ್ಯಾನಿಗೆ ಕೈ ಚಾಚಿದ.

ಕಿವಿ ಕಾದು ಕೆಂಪಾಗಿ ಅವನು ಕೆಳಗಿಳಿಯುವಾಗ, ಆಗಷ್ಟೇ ಬಂದ ಮುದುಕ ಅಪ್ಪಯ್ಯಣ್ಣ "ಏನಪ್ಪಾ ಅದು, ನಂಗೆ ಕೇಳಿಸ್ಲಿಲ್ಲ" ಎಂದ.

ಚಿಕ್ಕಬೀರಪ್ಪ ನಿಂತ. ಇನ್ನಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದ.