ಸದ್ದಿಲ್ಲದ ಬೂಟು

ಅಣ್ಣನ ಬೂಟಿನ ಮೇಲೆ ತಂಗಿಗಿದ್ದ ಸಿಟ್ಟು ಇವತ್ತು ನಿನ್ನೆಯದಲ್ಲ. ಅವಳು ಹಾಡುವವಳು, ಅವನು ಪಕ್ಕದಲ್ಲಿ ಕುಳಿತು ಅಕಾರ್ಡಿಯನ್ ನುಡಿಸುವವನು. ಹಗಲೆಲ್ಲ ಬಸ್ಸು ಓಡಿಸುವ ಆ ಮಹಾಶಯ ಸಂಜೆ ವೇದಿಕೆಗೂ ಅದೇ ಬೂಟಿನಲ್ಲಿ ಬರುತ್ತಿದ್ದ. ಹಿಮ್ಮಡಿ ಸವೆಯಬಾರದೆಂದು ಅದಕ್ಕೆ ಲಾಳ ಬೇರೆ ಹೊಡೆಸಿದ್ದ. ಇವಳು ಬಾಯಿ ತೆರೆಯುವುದೇ ತಡ, ಕೆಳಗಿನಿಂದ ಟಕ್, ಟಕ್, ಟಕ್. ಮರದ ವೇದಿಕೆಯಾದರಂತೂ ಕೇಳುವುದೇ ಬೇಡ.

ಹೋದ ವರ್ಷ ರೇಡಿಯೋದವರು ಅವಳ ಹಾಡನ್ನು ರೆಕಾರ್ಡ್ ಮಾಡಿಕೊಂಡು ಹೋಗಿ, ಪ್ರಸಾರ ಮಾಡದೆ ಕೈಬಿಟ್ಟಿದ್ದರು. "ಕಂಠ ಚೆನ್ನಾಗಿದೆ ಮೇಡಂ, ಆದ್ರೆ ಹಿಂದುಗಡೆ ಯಾರೋ ಮೊಳೆ ಹೊಡೀತಿದ್ದಾರೆ" ಎಂದಿದ್ದ ಫೋನಿನಲ್ಲಿ ಒಬ್ಬ. ಅವತ್ತು ಅವಳಿಗೆ ಊಟ ಸೇರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕುಳಿತು ದಿನವಿಡೀ ಬೇರೆಯವರ ನರಳಾಟ ಕೇಳುವವಳಿಗೆ, ರೇಡಿಯೋದಲ್ಲಿ ತನ್ನ ದನಿಯನ್ನು ಒಂದೇ ಒಂದು ಸಲ ಕೇಳಬೇಕೆಂಬ ಆಸೆಯಿತ್ತು. ಈ ವರ್ಷ ಅವರೇ ಮತ್ತೆ ಬರುತ್ತೇವೆಂದಿದ್ದರು. ಇದೂ ಕೆಟ್ಟರೆ ಇನ್ನೊಮ್ಮೆ ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಕಾಲು ಸುಮ್ನೆ ಇಟ್ಕೊಳ್ಳೋಕೆ ಆಗಲ್ವಾ ನಿಂಗೆ?"

"ಆಗಲ್ಲ ಕಣೇ" ಅಂದ ಅಣ್ಣ. ಅಷ್ಟೇ. ಬಸ್ಸಿನಲ್ಲಿ ಜನ ಬೈದಾಗಲೂ ಅವನ ಮುಖ ಹೀಗೇ ಇರುತ್ತಿತ್ತೇನೋ. ಅವಳಿಗೆ ಮೈಯೆಲ್ಲ ಉರಿಯಿತು.

ಹಾಗಾಗಿ ರಜೆಯ ದಿನ ಅವಳು ಬೀರುವಿನಿಂದ ಒಂದು ಅಡ್ಡಹಲಗೆ ಕಿತ್ತು ಕಂಕುಳಲ್ಲಿ ಇರುಕಿಕೊಂಡು, ಅಣ್ಣನನ್ನು ಚಪ್ಪಲಿ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯ ನುಣುಪು ನೆಲದ ಮೇಲೆ ಎಂಥ ಬೂಟೂ ಸಾಧುವೇ. ಮರದ ಮೇಲೆ ತಾನೇ ಅದರ ಬಂಡವಾಳ ಬಯಲಾಗುವುದು!

"ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ ಸಾರ್" ಅಂದ ಅಂಗಡಿಯವ.

"ಇವರು ನಡೆಯಲ್ಲ, ಕೂತೇ ಇರ್ತಾರೆ" ಎಂದಳು ತಂಗಿ.

ಅಂಗಡಿಯವ ಅಣ್ಣನ ಕಾಲುಗಳನ್ನು ಕನಿಕರದಿಂದ ನೋಡಿದ. ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಲಗೆಯನ್ನು ನೆಲಕ್ಕಿಟ್ಟಳು. "ಹೂಂ, ಹಾಕು ತಾಳ."

"ಸುಮ್ನೆ ಹಾಕು ಅಂದ್ರೆ ಹೆಂಗೆ ಹಾಕ್ಲಿ? ನೀನು ಹಾಡಿದ್ರೆ ತಾನೇ ಕಾಲು ಆಡೋದು?"

"ಓಹೋ, ಈಗ ತಪ್ಪೂ ನಂದೇ!"

ಕೊನೆಗೆ ಅವಳು ಹಾಡಲೇಬೇಕಾಯಿತು. ಬೂಟುಗಳ ಕಪಾಟಿನ ಮುಂದೆ ನಿಂತು, ಹಲ್ಲು ಕಡಿಯುತ್ತ, ಪ್ರೇಮಗೀತೆ. ಚರ್ಮದ್ದು ಟಕ್ಕೆಂದಿತು. ರಬ್ಬರಿನದು ಇಲಿಯ ಹಾಗೆ ಕೀಚ್ ಎಂದಿತು. ಚಪ್ಪಲಿ ಪಟಪಟ ಬಡಿಯಿತು. ಎರಡು ಅಂಗಡಿಗಳಲ್ಲಿ ತಲೆ ಚಿಟ್ಟು ಹಿಡಿದು, ಇನ್ನೊಂದರಲ್ಲಿ ಕಡೆಗೂ ಒಂದು ಕಪ್ಪು ಕ್ಯಾನ್ವಾಸ್ ಬೂಟು ಸಿಕ್ಕಿತು, ತಳ ಸ್ಪಂಜಿನಂತೆ ಮೆತ್ತಗೆ. ಅವಳು ಹಾಡಿದಳು, ಅವನು ಹಿಮ್ಮಡಿ ಬಡಿದ, ಹಲಗೆ ತುಟಿ ಪಿಟಕ್ಕೆನ್ನಲಿಲ್ಲ. ಸಂಭ್ರಮದಲ್ಲಿ ಅವಳು ಒಂದೇ ಸಾಲಿಗೆ ಹಾಡು ನಿಲ್ಲಿಸಿಬಿಟ್ಟಳು.

"ಅಲ್ಲ, ಹಾಡೋವಾಗ ಇದು..." ಎಂದು ರಾಗ ಎಳೆದ ಅಣ್ಣ.

"ಹಾಡೋವಾಗ ಏನು?"

"ಏನಿಲ್ಲ. ಸ್ವಲ್ಪ ಬಿಗಿ ಆಯ್ತೇನೋ ಅಂತ."

"ಒಂದು ಸೈಜು ದೊಡ್ಡದು ಕೊಡಿ" ಎಂದಳು ಅಂಗಡಿಯವನಿಗೆ. ಮಾತು ಮುಗಿಯಿತು. ಹೊಸದು ಕೊಳೆಯಾಗುತ್ತದೆಂದು ಆ ಬೂಟನ್ನು ತಾನೇ ಎತ್ತಿಟ್ಟುಕೊಂಡಳು. ಅಭ್ಯಾಸವೆಲ್ಲ ಹಳೆಯ ಲಾಳದ ಬೂಟಿನಲ್ಲೇ ನಡೆಯಿತು.

ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಅವಳೇ ಅಣ್ಣನಿಗೆ ಆ ಬೂಟು ತೊಡಿಸಿ, ಲೇಸನ್ನು ಎರಡೆರಡು ಗಂಟು ಹಾಕಿ ಬಿಗಿದಳು. ರೇಡಿಯೋದವನು ಮೈಕು ಸರಿಪಡಿಸುತ್ತ, ಮೊದಲು ಅಕಾರ್ಡಿಯನ್ ಒಂದೇ ನುಡಿಸಿ ಎಂದ. ಅಣ್ಣ ನುಡಿಸಿದ. ಅವನು ಒಬ್ಬನೇ ನುಡಿಸುವುದನ್ನು ಅವಳು ಯಾವತ್ತು ತಾನೇ ನಿಂತು ನೋಡಿದ್ದಳು? ಕಾಲು ಕೊರಡಿನ ಹಾಗೆ ಬಿದ್ದಿತ್ತು, ಒಂದಿಷ್ಟೂ ಅಲುಗಲಿಲ್ಲ. ಎಲ್ಲ ಬೂಟಿನ ಮಹಿಮೆ ಎಂದುಕೊಂಡು ಬೀಗಿದಳು.

ಪರದೆ ಸರಿಯಿತು. ಸಭಾಂಗಣ ತುಂಬಿತ್ತು. ಅಣ್ಣ ಹಾಡಿನ ಮುನ್ನುಡಿಯನ್ನು ನುಡಿಸಿ ಒಂದು ಉದ್ದನೆಯ ಸ್ವರ ಹಿಡಿದ. ಅದರ ನಡುವೆ ಎಲ್ಲೋ ಅವಳು ಸೇರಿಕೊಳ್ಳಬೇಕು. ಅವಳು ಕಾದಳು. ಕಾಯುತ್ತಲೇ ಇದ್ದಳು. ಸ್ವರ ಮುಗಿದೇ ಹೋಯಿತು.

ಅಣ್ಣ ಏನೂ ಆಗಿಲ್ಲವೆಂಬಂತೆ ಮುನ್ನುಡಿಯನ್ನು ತಿರುಗಿ ಎತ್ತಿಕೊಂಡ. ಈ ಸಲವೂ ಅವಳ ಬಾಯಿ ಅರ್ಧ ತೆರೆದು ನಿಂತಿತು.

"ಪಾಪ, ಮರ್ತುಹೋಗಿರಬೇಕು" ಎಂದರು ಮುಂದಿನ ಸಾಲಿನ ಯಾರೋ.

ಮರೆತಿರಲಿಲ್ಲ. ಸಾಲುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು, ಎಲ್ಲಿ ಶುರು ಮಾಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಅವಳು ಕೆಳಗೆ ನೋಡಿದಳು. ಅಣ್ಣನ ಹಿಮ್ಮಡಿ ಏಳುತ್ತಿತ್ತು, ಬೀಳುತ್ತಿತ್ತು. ಸದ್ದೇ ಇಲ್ಲ. ಈಗಷ್ಟೇ ಒಬ್ಬನೇ ನುಡಿಸುವಾಗ ಕೊರಡಿನ ಹಾಗೆ ಬಿದ್ದಿದ್ದ ಕಾಲು! ಅದಕ್ಕೆ ತನ್ನದೆಂಬ ಚಟ ಯಾವುದೂ ಇರಲಿಲ್ಲ. ಇಷ್ಟು ವರ್ಷ ಅದು ಬಡಿದದ್ದು ಅವಳಿಗಾಗಿ. ತಾಳ ನನ್ನ ರಕ್ತದಲ್ಲೇ ಇದೆಯೆಂದು ಕ್ಲಿನಿಕ್ಕಿನಲ್ಲೆಲ್ಲ ಕೊಚ್ಚಿಕೊಂಡವಳಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಅಣ್ಣನ ಕಿವಿಗೆ ಬಗ್ಗಿದಳು.

"ಗೊತ್ತಿತ್ತಾ ನಿಂಗೆ?"

"ನೀನು ಚಿಕ್ಕೋಳಿದ್ದಾಗ್ಲಿಂದ" ಎಂದ ಅವನು, ಕೈ ನಿಲ್ಲಿಸದೆ.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ದಾಡಿ?"

"ಹೇಳಿದ್ರೆ ನೀನು ಹಾಡೋದೇ ಬಿಟ್ಬಿಡ್ತಿದ್ದೆ."

ಅವಳಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟೂ ಬಂತು. ಎಂಥ ಮನುಷ್ಯನಪ್ಪ ಇವನು! ಇಷ್ಟು ಬೈಗುಳ ತಿಂದರೂ ಒಂದು ಮಾತು ಆಡಬಾರದೇ? ರೆಕಾರ್ಡಿಂಗ್ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಲೇ ಇತ್ತು.

"ಬಿಚ್ಚು ಅದನ್ನ."

"ರೆಕಾರ್ಡ್ ಆಗ್ತಿದೆ ಕಣೇ. ಎಲ್ಲಾ ಕೇಳಿಸುತ್ತೆ."

"ಕೇಳಿಸ್ಲಿ! ಬಿಚ್ಚು ಅಂದ್ನಲ್ಲ!"

ಅದು ಮೈಕಿಗೆ ಬಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಜನ ಗೊಳ್ಳೆಂದು ನಕ್ಕರು. ಎದೆಗೆ ಅಕಾರ್ಡಿಯನ್ ಬಿಗಿದುಕೊಂಡವನು ಬಗ್ಗುವುದು ಹೇಗೆ? ಅವಳೇ ಅವನ ಮುಂದೆ ಮಂಡಿಯೂರಿ, ಗಂಟುಗಳನ್ನು ಶಪಿಸುತ್ತ ಲೇಸು ಬಿಚ್ಚಿದಳು, ಬೂಟು ಕಿತ್ತಳು, ಸಾಕ್ಸನ್ನೂ ಎಳೆದು ಹಾಕಿದಳು. ರೇಡಿಯೋದವನು ತಲೆಯ ಮೇಲೆ ಕೈಹೊತ್ತು ಕುಳಿತ.

ಅವಳು ಎದ್ದು ನಿಂತು ಕಣ್ಣೊರೆಸಿಕೊಂಡಳು. ಅಣ್ಣ ಮತ್ತೆ ಆ ಉದ್ದನೆಯ ಸ್ವರ ಹಿಡಿದ. ಬರಿಗಾಲಿನ ಹಿಮ್ಮಡಿ ಮರದ ಮೇಲೆ ಧಪ್ಪೆಂದು ಬಿತ್ತು, ಮತ್ತೊಮ್ಮೆ ಬಿತ್ತು, ಅವಳು ಹಾಡಲು ಶುರುಮಾಡಿದಳು.