ಸೋಲಿಗೊಂದು ಸಂಭಾವನೆ

ನನ್ನ ಷಡ್ಡಕನಿಗೆ ಈಜು ಬರುವುದಿಲ್ಲ. ಈ ಒಂದು ಸಂಗತಿಯನ್ನು ನಾನು ವರ್ಷಗಟ್ಟಲೆ ಬಾಯಲ್ಲಿಟ್ಟುಕೊಂಡ ಪೆಪ್ಪರಮಿಂಟಿನ ಹಾಗೆ ಚೀಪಿ ಸಮಾಧಾನ ಪಟ್ಟುಕೊಂಡಿದ್ದೇನೆ. ಉಳಿದಂತೆ ಅವನಿಗೆ ಬರದೆ ಇರುವುದು ಯಾವುದೂ ಇಲ್ಲ. ಮಾತು ಬರುತ್ತದೆ, ಜನರನ್ನು ನಗಿಸಲು ಬರುತ್ತದೆ, ಅಡುಗೆ ಕೂಡ ಬರುತ್ತದೆ. ಅವನು ಮಾಡಿದ ಸಾರನ್ನು ನನ್ನ ಹೆಂಡತಿ ಎರಡು ಸಲ ಹಾಕಿಸಿಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಾವಿಬ್ಬರೂ ಒಂದೇ ಕಾಲೇಜಿನ ಕ್ರೀಡಾ ವಿಭಾಗದವರು. ನಾನು ಈಜಿನ ಕೋಚ್, ಅವನು ಫುಟ್‌ಬಾಲ್ ಕೋಚ್. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟಕ್ಕೆಂದು ಮನೆಗೆ ಕರೆದುಕೊಂಡು ಹೋದವನು ನಾನೇ. ಅಂದು ಹೆಂಡತಿಯ ತಂಗಿಯೂ ಬಂದಿದ್ದಳು. ಮುಂದಿನ ವರ್ಷ ಮದುವೆಯೂ ಆಯಿತು. ಕೆಂಡವನ್ನು ನಾನೇ ಮಡಿಲಲ್ಲಿ ಕಟ್ಟಿಕೊಂಡ ಮೇಲೆ ಸುಡುತ್ತಿದೆ ಎಂದು ಯಾರ ಬಳಿ ದೂರಲಿ?

ಕಾಲೇಜಿನ ಆಟಗಳ ಹಣಕಾಸು ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಎಂಟು ಆಟಗಳಿವೆ. ಅದರಲ್ಲಿ ಫುಟ್‌ಬಾಲ್ ಒಂದು ಮನೆಯ ಅಳಿಯ, ಉಳಿದವು ಮನೆಯ ಆಳುಗಳು. ಜನ ಟಿಕೆಟ್ ಕೊಂಡು ನೋಡುವುದು ಫುಟ್‌ಬಾಲನ್ನು. ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೊಟ್ಟು ತಮ್ಮ ಹೆಸರು ಬರೆಸಿಕೊಳ್ಳುವುದು ಫುಟ್‌ಬಾಲ್ ಮೈದಾನದ ಕುರ್ಚಿಗಳ ಬೆನ್ನಿಗೆ. ಬ್ಯಾಂಕಿನವರು, ಟೈರಿನವರು ತಮ್ಮ ಜಾಹೀರಾತು ಫಲಕ ಹಾಕಿಸುವುದೂ ಅಲ್ಲಿಯೇ. ಹಾಗೆ ಬಂದದ್ದರಲ್ಲಿ ಮುಕ್ಕಾಲು ಪಾಲನ್ನು ಫುಟ್‌ಬಾಲೇ ನುಂಗಿ ನೀರು ಕುಡಿಯುತ್ತದೆ. ಹೊಸ ಹುಲ್ಲು, ಹೊಸ ಬಸ್ಸು, ಆಟಗಾರರ ಕಾಲು ನೀವಲು ಒಬ್ಬ, ಆಟದ ವಿಡಿಯೊ ನೋಡುತ್ತಾ ತಲೆ ಕೆರೆದುಕೊಳ್ಳಲು ಇನ್ನೊಬ್ಬ. ಮಿಕ್ಕ ಚೂರುಪಾರನ್ನು ನಾವು ಏಳು ಆಟದವರು ಹಂಚಿಕೊಳ್ಳಬೇಕು. ನನ್ನ ಈಜುಗಾರರು ಸ್ಪರ್ಧೆಗೆ ಹೋಗುವ ವ್ಯಾನಿನ ಬಾಗಿಲನ್ನು ದಾರಿಯುದ್ದಕ್ಕೂ ಒಬ್ಬರು ಒಳಗಿನಿಂದ ಹಿಡಿದುಕೊಂಡು ಕೂರಬೇಕು.

ಷಡ್ಡಕನ ಕೋಣೆಗೆ ಎರಡು ಕಿಟಕಿ, ಒಂದು ಸೋಫಾ. ನನ್ನದು ಈಜುಕೊಳದ ಮೆಟ್ಟಿಲ ಕೆಳಗೆ, ಪಂಪಿನ ಪಕ್ಕ. ಅಲ್ಲಿ ಫೋನಿನಲ್ಲಿ ಮಾತಾಡಬೇಕೆಂದರೆ ಕಿರುಚಬೇಕು, ಹಾಗಾಗಿ ನಾನು ಸದಾ ಸಿಟ್ಟಿನಲ್ಲಿರುತ್ತೇನೆ ಎಂದು ಎಲ್ಲರೂ ತಿಳಿದಿದ್ದಾರೆ. ತಿಳಿದದ್ದು ಸರಿಯೇ, ಕಾರಣ ಮಾತ್ರ ಬೇರೆ.

ಇನ್ನು ನಮ್ಮ ಮಾವ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಅವರ ಕಣ್ಣಿಗೆ ಇರುವುದು ಒಬ್ಬನೇ ಅಳಿಯ. ಕಿರಿಯ ಅಳಿಯನ ಫೋಟೊ ಪೇಪರಿನಲ್ಲಿ ಬಂದರೆ ಕತ್ತರಿಸಿ ಕಟ್ಟು ಹಾಕಿಸುತ್ತಾರೆ. ಅವರ ಮನೆಯ ನಡುಕೋಣೆಯಲ್ಲಿ ಕೂತರೆ ನಾಲ್ಕೂ ಗೋಡೆಗಳಿಂದ ಅವನೇ ನನ್ನನ್ನು ನೋಡಿ ನಗುತ್ತಿರುತ್ತಾನೆ. ನನ್ನ ತಂಡದ ಹುಡುಗಿಯೊಬ್ಬಳು ಅಂತರ ಕಾಲೇಜು ಈಜಿನಲ್ಲಿ ಚಿನ್ನ ಗೆದ್ದ ವರ್ಷ ನಾನು ಪದಕವನ್ನೇ ತೆಗೆದುಕೊಂಡು ಹೋಗಿ ತೋರಿಸಿದ್ದೆ. ಮಾವ ಅದನ್ನು ಕೈಯಲ್ಲಿ ತೂಗಿ ನೋಡಿ, ನೀರಿನಲ್ಲಿ ಗೋಲು ಎಲ್ಲಿ ಕಟ್ಟಿರುತ್ತಾರೆ ಎಂದು ಕೇಳಿದರು. ಒಂದು ದಿನವೂ ಅವರು ನನ್ನ ಕೊಳದ ಕಡೆ ತಲೆ ಹಾಕಿರಲಿಲ್ಲ.

ಕಳೆದ ವರ್ಷ ನನ್ನ ಪಂಪು ಕೈಕೊಟ್ಟಿತು. ನೀರು ತಿಳಿಯಾಗದೆ ಪಾಚಿಯ ಬಣ್ಣಕ್ಕೆ ತಿರುಗಿತು. ಹಬೆಗೆ ಕಣ್ಣುರಿ ಬರುವಷ್ಟು ಕ್ಲೋರಿನ್ ಸುರಿದು ಹೇಗೋ ದಿನ ತಳ್ಳುತ್ತಿದ್ದೆ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಮೂಗು ಮುಚ್ಚಿಕೊಂಡೇ ನೋಡಿ ಹೋದರು. ನಮ್ಮ ವಿಭಾಗದ ಡೈರೆಕ್ಟರ್ ಮೇಡಂ ನನ್ನನ್ನು ಕರೆದು ನೇರವಾಗಿ ಹೇಳಿದರು: ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಪಂಪು, ಫಿಲ್ಟರ್ ಎರಡೂ ಬದಲಾಗದಿದ್ದರೆ ಕೊಳ ಮುಚ್ಚಬೇಕು. ಮಣ್ಣು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರೆ. ಈಜು ತಂಡ ಹೋದರೆ ಈಜಿನ ಕೋಚ್ ಯಾಕೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಅದೇ ವರ್ಷ ಷಡ್ಡಕನ ತಂಡ ಒಂದೂ ಆಟ ಸೋತಿರಲಿಲ್ಲ. ನಮ್ಮದಕ್ಕಿಂತ ಎಷ್ಟೋ ದೊಡ್ಡ ಕಾಲೇಜೊಂದು ಅವನನ್ನು ಕೆಲಸಕ್ಕೆ ಕರೆಯುತ್ತಿತ್ತು. ಸಂಬಳ ಮೂರು ಪಟ್ಟು, ಇರಲು ಮನೆ, ಓಡಾಡಲು ಕಾರು. ಮಾವ ಕ್ಷೌರದಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ದಾರಿಯಲ್ಲಿ ಸಿಕ್ಕವರಲ್ಲಿ ಇದನ್ನೇ ಉಪ್ಪು ಖಾರ ಹಚ್ಚಿ ಹೇಳಿಕೊಂಡು ಬಂದರು. ನನ್ನ ಮುಂದೆಯೂ ಹೇಳಿದರು. ನಾನು ಸಂತೋಷ ಎಂದೆ. ಆ ಪದ ಗಂಟಲಿನಿಂದ ಹೊರಬರುವಾಗ ಮೀನಿನ ಮುಳ್ಳಿನಂತೆ ಗೀರಿತು.

ಆಗ ಬಂತು ಆ ಮೀಟಿಂಗ್. ಒಂದು ಭಾರೀ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಒಂದು ಶನಿವಾರ ಎದುರಾಳಿ ಇರಲಿಲ್ಲ. ನಮ್ಮನ್ನು ಕರೆದಿದ್ದರು. ಈ ವ್ಯವಹಾರ ಹೇಗೆಂದರೆ, ದೊಡ್ಡವರು ಸಣ್ಣವರನ್ನು ಕರೆಸಿ ಕೈತುಂಬ ಹಣ ಕೊಡುತ್ತಾರೆ. ಸಣ್ಣವರು ಹೋಗಿ ಅವರ ಜನರೆದುರು ಚೆನ್ನಾಗಿ ಒದೆ ತಿಂದು ಬರುತ್ತಾರೆ. ಮೋಸವೇನೂ ಇಲ್ಲ, ಎಲ್ಲ ಬಹಿರಂಗ. ಗೆದ್ದರೆ ಗೆಲ್ಲಬಹುದು, ಆದರೆ ಯಾರೂ ಗೆಲ್ಲುವುದಿಲ್ಲ. ಎಷ್ಟೋ ಸಣ್ಣ ಕಾಲೇಜುಗಳ ಕ್ರೀಡಾ ವಿಭಾಗಗಳು ಇಂಥ ಒಂದು ಸೋಲಿನ ಸಂಭಾವನೆಯಲ್ಲೇ ವರ್ಷ ಕಳೆಯುತ್ತವೆ. ಷಡ್ಡಕ ಬಂದಾಗಿನಿಂದ ಇದಕ್ಕೆ ಒಪ್ಪಿರಲಿಲ್ಲ. ತನ್ನ ಹುಡುಗರು ಕೂಲಿಗೆ ಸೋಲುವವರಲ್ಲ ಎನ್ನುತ್ತಿದ್ದ. ಅಂದೂ ಅದನ್ನೇ ಹೇಳಿದ. ಎದುರಾಳಿಗಳು ಮೈಯಲ್ಲಿ ಎರಡು ಪಟ್ಟು ಇದ್ದಾರೆ, ಯಾರದಾದರೂ ಕೈಕಾಲು ಮುರಿಯುತ್ತದೆ ಎಂದ. ಬೇಡವಾದರೆ ಬಿಡೋಣ ಎಂದು ಮೇಡಂ ಫೈಲು ಮುಚ್ಚುವುದರಲ್ಲಿದ್ದರು.

ನಾನು ಎದ್ದು ನಿಂತೆ. ಮೀಟಿಂಗುಗಳಲ್ಲಿ ತೂಕಡಿಸುವುದು ಬಿಟ್ಟರೆ ಬೇರೇನೂ ಮಾಡದವನು ಅಂದು ಮಾತಾಡಿದೆ.

"ವಿಭಾಗ ಅಂದ್ರೆ ಫುಟ್‌ಬಾಲ್ ಒಂದೇ ಅಲ್ಲ ಮೇಡಂ. ವಾಲಿಬಾಲ್‌ನೋರ ನೆಟ್ಟಿಗೆ ಗಂಟು ಹಾಕಿ ಹಾಕಿ ಅದು ಮೀನಿನ ಬಲೆ ಆಗಿದೆ. ಓಡೋ ಮಕ್ಕಳ ಶೂ ಬಾಯಿ ಬಿಟ್ಟಿವೆ. ಎಲ್ಲರ ಹೆಗಲ ಮೇಲೆ ಕೂತು ಮೆರೆಯೋರು ಒಂದು ದಿನ ಕೆಳಗಿಳಿದು ಎಲ್ಲರಿಗೋಸ್ಕರ ಸೋತು ಬಂದ್ರೆ ಗಂಟೇನು ಹೋಗುತ್ತೆ?"

ವಾಲಿಬಾಲ್ ಕೋಚ್ ಕಣ್ಣೊರೆಸಿಕೊಂಡರು. ಓಟದ ಕೋಚ್ ಮೇಜು ಕುಟ್ಟಿದರು. ನನಗೆ ಬೇಕಾಗಿದ್ದುದು ನೆಟ್ಟೂ ಅಲ್ಲ, ಶೂವೂ ಅಲ್ಲ. ಅವನು ತುಂಬಿದ ಮೈದಾನದ ನಡುವೆ ಮಣ್ಣು ಮುಕ್ಕುವುದನ್ನು ನಾನು ನೋಡಬೇಕಿತ್ತು, ಮಾವನ ಪಕ್ಕದಲ್ಲೇ ಕೂತು ನೋಡಬೇಕಿತ್ತು. ಷಡ್ಡಕ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ.

"ಅಣ್ಣ ಹೇಳೋದು ಸರಿ ಮೇಡಂ. ಹೋಗ್ತೀವಿ" ಅಂದ.

ಹೋದರು. ನಾನೂ ಮಾವನೂ ಹೋದೆವು. ಮಾವ ಕಾಲೇಜಿನ ಬಣ್ಣದ ಟೋಪಿ ಹಾಕಿಕೊಂಡಿದ್ದರು. ಅಷ್ಟು ದೊಡ್ಡ ಮೈದಾನವನ್ನು ಅವರು ಕಂಡಿರಲಿಲ್ಲ, ಕಿರಿಯ ಅಳಿಯ ಎಂಥ ಕಡೆ ಬಂದುಬಿಟ್ಟ ಎಂದು ಪಕ್ಕದವರಿಗೆಲ್ಲ ಹೇಳಿದರು. ಆಟ ಶುರುವಾಗಿ ನಾವು ಸರಿಯಾಗಿ ಕೂರುವ ಮೊದಲೇ ಒಂದು ಗೋಲು ಬಿತ್ತು. ಮತ್ತೊಂದು ಬಿತ್ತು. ಮೊದಲ ಐದು ಗೋಲು ಕೊಟ್ಟ ಸುಖವನ್ನು ನನಗೆ ನನ್ನ ಮದುವೆಯೂ ಕೊಟ್ಟಿರಲಿಲ್ಲ. ಈ ಮಾತು ನನ್ನ ಹೆಂಡತಿಯ ಕಿವಿಗೆ ಬೀಳದಿರಲಿ. ಮುಖವನ್ನು ಮಾತ್ರ ಸಾವಿನ ಮನೆಗೆ ಬಂದವನ ಹಾಗೆ ಇಟ್ಟುಕೊಂಡು ಒಳಗೊಳಗೇ ಎಣಿಸುತ್ತಿದ್ದೆ.

ಆರನೆಯದಕ್ಕೆ ಮಾವ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಏಳನೆಯದನ್ನು ತಡೆಯಲು ಹಾರಿದ ನಮ್ಮ ಗೋಲ್‌ಕೀಪರ್ ಭುಜದ ಮೇಲೆ ಬಿದ್ದು ಮೇಲೇಳಲಿಲ್ಲ. ಅವನನ್ನು ಎತ್ತಿಕೊಂಡು ಹೋದರು. ಷಡ್ಡಕ ಒಂದು ಕ್ಷಣವೂ ಕೂರಲಿಲ್ಲ. ಗೆರೆಯ ಹತ್ತಿರವೇ ನಿಂತು, ಪ್ರತಿ ಗೋಲು ಬಿದ್ದಾಗಲೂ ತನ್ನ ಹುಡುಗರಿಗೆ ಚಪ್ಪಾಳೆ ತಟ್ಟುತ್ತಿದ್ದ. ಸುತ್ತಲಿನ ಜನ ಅವನನ್ನು ನೋಡಿ ನಗುತ್ತಿದ್ದರು. ಹನ್ನೊಂದನೆಯ ಗೋಲಿಗೆ ಆಟ ಮುಗಿಯಿತು. ಪಕ್ಕಕ್ಕೆ ತಿರುಗಿದರೆ ಮಾವ ಅಳುತ್ತಿದ್ದರು, ಟೋಪಿಯಿಂದಲೇ ಕಣ್ಣೊರೆಸಿಕೊಳ್ಳುತ್ತಾ, ಸದ್ದಿಲ್ಲದೆ.

ಅಲ್ಲಿಗೆ ನನ್ನ ಸುಖ ಹಳಸಿತು. ನನ್ನ ಕೊಳ ಮುಚ್ಚುತ್ತದೆ ಎಂದು ಹೇಳಿದ ದಿನ ಇದೇ ಮನುಷ್ಯ, ಹೌದೇನಪ್ಪ, ಎಂದು ಪೇಪರಿನ ಪುಟ ತಿರುಗಿಸಿದ್ದರು. ಅವನು ಗೆದ್ದರೆ ಗೋಡೆಗೆ ಫೋಟೊ, ಸೋತರೆ ಕಣ್ಣೀರು. ಅವನ ಸೋಲಿನಲ್ಲೂ ನನಗೆ ಸಿಗದಿದ್ದುದೊಂದು ಅವನಿಗೆ ಸಿಕ್ಕಿತ್ತು. ಮನೆಗೆ ಬರುವವರೆಗೂ ಹಲ್ಲು ಕಡಿಯುತ್ತಲೇ ಬಂದೆ.

ಆಮೇಲೆ ದೊಡ್ಡ ಕಾಲೇಜಿನಿಂದ ಅವನಿಗೆ ಫೋನು ಬರುವುದು ನಿಂತಿತು. ಹನ್ನೊಂದು ಗೋಲು ಬಿಟ್ಟುಕೊಟ್ಟ ಕೋಚಿಗೆ ಮೂರು ಪಟ್ಟು ಸಂಬಳ ಯಾರು ಕೊಡುತ್ತಾರೆ? ಕೀಪರ್ ಇಲ್ಲದೆ ಅವನ ತಂಡ ಮುಂದಿನ ಆಟಗಳಲ್ಲೂ ಮುಗ್ಗರಿಸಿತು. ನಾನು ಸಮಾಧಾನ ಹೇಳುವ ನೆವದಲ್ಲಿ ಅವನ ಮನೆಗೆ ಹೋಗಿ ಬಂದೆ. ನಾದಿನಿ ಕಟ್ಟಿಟ್ಟಿದ್ದ ಡಬ್ಬಗಳನ್ನು ಬಿಚ್ಚಿ ಪಾತ್ರೆಗಳನ್ನು ಮತ್ತೆ ಕಪಾಟಿಗೆ ಜೋಡಿಸುತ್ತಿದ್ದಳು. ಅವನು ನನಗೆ ಕಾಫಿ ಮಾಡಿಕೊಟ್ಟ. ಕಾಫಿ ಚೆನ್ನಾಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು.

ಆ ವಾರವೇ ಮೇಡಂ ಕರೆದು, ಸಂಭಾವನೆ ಬಂದಿದೆ, ಮೊದಲ ಖರ್ಚು ನಿಮ್ಮ ಕೊಳಕ್ಕೆ, ಪಂಪು ಫಿಲ್ಟರ್ ಎರಡೂ ಬರುತ್ತವೆ, ಉಳಿದರೆ ನೆಟ್ಟು, ಶೂ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಕೊಳಕ್ಕೇ ಮೊದಲು ಯಾಕೆ ಎಂದು ಕೇಳಲೂ ಇಲ್ಲ. ನನ್ನ ಮಾತಿನ ಪ್ರಭಾವ ಎಂದುಕೊಂಡು ಮೀಸೆ ತಿರುವಿದೆ. ಮನೆಯಲ್ಲಿ ಹೆಂಡತಿಗೂ ಹಾಗೆಯೇ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು.

ಹೊಸ ಪಂಪು ಕೂತಿತು. ಅದು ಸದ್ದೇ ಮಾಡುವುದಿಲ್ಲ, ಈಗ ಫೋನಿನಲ್ಲಿ ಮೆಲ್ಲಗೆ ಮಾತಾಡಬಹುದು. ನೀರು ಎಷ್ಟು ತಿಳಿಯಾಯಿತೆಂದರೆ ತಳದ ಬಿಳಿ ಹೆಂಚಿನ ಬಿರುಕೂ ಕಾಣುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ, ನನ್ನ ತಂಡದವರು ಯಾರೂ ಇಲ್ಲದ ಹೊತ್ತಿಗೆ, ಷಡ್ಡಕ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ಮಂಡಿ ನೋವಿಗೆ ಡಾಕ್ಟರು ಈಜು ಹೇಳಿದ್ದಾರೆ, ಕಲಿಸಿಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದ. ಹಿಂದೆಯೇ ಮಾವ. ಪ್ಯಾಂಟು ಮಡಚಿಕೊಂಡು, ಜಾರುತ್ತದೇನೋ ಎಂದು ಗೋಡೆ ಹಿಡಿದು ಬಂದು ದಂಡೆಯ ಬೆಂಚಿನ ಮೇಲೆ ಕೂತರು. ಕಿರಿಯ ಅಳಿಯ ನೀರಿಗಿಳಿಯುತ್ತಾನೆಂದರೆ ಅವರಿಗೆ ಭಯ, ನೋಡಿಕೊಳ್ಳಲು ಬಂದಿದ್ದರು.

ಅವನು ನೀರಿಗಿಳಿದ ಮೇಲೆ ಅಂಚಿನ ಕಂಬಿ ಬಿಡಲೊಲ್ಲ. ತುಟಿ ನೀಲಿಯಾಗಿತ್ತು, ಅಷ್ಟು ಎತ್ತರದ ಆಸಾಮಿ ಎದೆಮಟ್ಟದ ನೀರಿನಲ್ಲಿ ಗಡಗಡ ನಡುಗುತ್ತಿದ್ದ. ನನ್ನ ಪೆಪ್ಪರಮಿಂಟು ಬಾಯಿ ತುಂಬ ಕರಗಿತು. ಸಾಕಷ್ಟು ಸವಿದ ಮೇಲೆ ಅವನನ್ನು ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಕೊಟ್ಟೆ. ಮೈ ಸಡಿಲ ಬಿಡು, ಚಾವಣಿ ನೋಡು ಎಂದೆ.

"ಕೈ ತೆಗೀಬೇಡಿ ಅಣ್ಣ."

ತೆಗೆಯುವುದಿಲ್ಲ ಎಂದೆ. ಅವನು ಚಾವಣಿ ನೋಡುತ್ತಾ ಭಯ ಮರೆಯಲೆಂದೋ ಏನೋ ಮಾತಾಡತೊಡಗಿದ.

"ಆ ದಿನ ಮೀಟಿಂಗಲ್ಲಿ ನೀವು ಎಲ್ಲರ ಕಷ್ಟಾನೂ ಹೇಳಿದ್ರಿ. ನೆಟ್ಟು, ಶೂ, ಎಲ್ಲ. ನಿಮ್ಮ ಕೊಳದ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಮುಚ್ಚೋಕೆ ಬಂದಿದೆ ಅಂತ ನನ್ನ ಹೆಂಡ್ತಿ ಆಗಲೇ ಹೇಳಿದ್ಲು ನಂಗೆ. ಎಂಥ ಮನುಷ್ಯ ಇವರು ಅನ್ನಿಸ್ತು. ಅದಕ್ಕೇ ಒಪ್ಪಿದೆ. ಮೊದಲು ಅಣ್ಣನ ಕೊಳ ಆಗಬೇಕು, ಇಲ್ಲಾಂದ್ರೆ ನನ್ನ ಹುಡುಗರು ಬಸ್ ಹತ್ತಲ್ಲ ಅಂತ ಆಮೇಲೆ ಮೇಡಂ ಒಬ್ಬರಿಗೇ ಹೇಳಿಬಿಟ್ಟೆ."

ಅಂಗೈಯ ಮೇಲೆ ಅವನ ಬೆನ್ನು ಬೆಚ್ಚಗಿತ್ತು. ನನಗೆ ನನ್ನ ಕೊಳದ ನೆನಪೇ ಬಂದಿರಲಿಲ್ಲ. ಅಷ್ಟುದ್ದ ಮಾತಾಡುವಾಗ, ನೆಟ್ಟಿನ ಗಂಟು ಶೂವಿನ ಬಾಯಿ ಎಲ್ಲ ನೆನಪಾದವನಿಗೆ, ನನ್ನ ಪಂಪು, ನನ್ನ ತಂಡದ ಮಕ್ಕಳು, ನನ್ನ ಅನ್ನದ ತಟ್ಟೆ ಒಂದೂ ನೆನಪಾಗಿರಲಿಲ್ಲ. ತಲೆ ತುಂಬ ಇವನೇ ಇದ್ದ. ನಾನು ಮರೆತದ್ದನ್ನು ನೆನಪಿಟ್ಟುಕೊಂಡವನೂ ಇವನೇ. ಅದಕ್ಕೆ ಅವನು ತೆತ್ತದ್ದು ಆ ದೊಡ್ಡ ಕಾಲೇಜು, ಆ ಮನೆ, ಆ ಕಾರು, ತನ್ನ ಕೀಪರನ ಭುಜ.

ಇಷ್ಟು ಕೇಳಿದ ಮೇಲಾದರೂ ಹೊಟ್ಟೆಯ ಬೆಂಕಿ ಆರಬೇಕಿತ್ತು. ಆರಲಿಲ್ಲ. ಇಲ್ಲಿಯವರೆಗೆ ಅವನ ಕೋಣೆ, ಅವನ ಬಸ್ಸು, ಅವನ ಫೋಟೊ ಕಂಡು ಉರಿಯುತ್ತಿದ್ದೆ. ಅವನ್ನೆಲ್ಲ ಅದೃಷ್ಟ ಎಂದು ಬೈಯಬಹುದಿತ್ತು. ಇದನ್ನು ಏನೆಂದು ಬೈಯಲಿ? ಇನ್ನು ಮುಂದೆ ಈ ನೀರಿಗೆ ಇಳಿದಾಗಲೆಲ್ಲ ಅವನ ಋಣದಲ್ಲಿ ಮುಳುಗೇಳಬೇಕು.

ಬೇಕೆಂದು ತೆಗೆದೆನೋ ತಾನಾಗಿ ಸರಿಯಿತೋ, ನನ್ನ ಅಂಗೈ ಅವನ ಬೆನ್ನು ಬಿಟ್ಟಿತ್ತು. ನನ್ನ ಮಕ್ಕಳು ಇದನ್ನು ಕಲಿಯಲು ವಾರಗಟ್ಟಲೆ ನೀರು ಕುಡಿಯುತ್ತಾರೆ. ಅವನು ಮುಳುಗಲಿಲ್ಲ. ಕೈ ಇದೆ ಎಂದೇ ನಂಬಿಕೊಂಡು, ಚಾವಣಿ ನೋಡುತ್ತಾ, ಹಾಯಾಗಿ ತೇಲುತ್ತಿದ್ದ.

ದಂಡೆಯ ಮೇಲೆ ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೊಳದಲ್ಲಿ ಅವರು ತಟ್ಟಿದ ಮೊದಲ ಚಪ್ಪಾಳೆ ಅದು. ನಾನು ಮತ್ತೆ ಅವನ ಬೆನ್ನ ಕೆಳಗೆ ಕೈ ಕೊಟ್ಟು, ಈಗ ಕಾಲು ಬಡಿ ಎಂದೆ.